ನದಿ ಯಾವ ಕಡೆ

ಕಾರ್ವರ್ಸ್ ಬೆಂಡ್, ಒಹಾಯೊ
24 ನವೆಂಬರ್ 1980

ಎಮಿಲ್,

ಸೋತೆವು ಮಾರಾಯ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನೀನು ಕಾಗದ ಬಿಚ್ಚಿದ ಕೂಡಲೇ ಕೊನೆಯ ಸಾಲಿಗೆ ಕಣ್ಣು ಹಾಯಿಸುವ ಆಸಾಮಿ. ಶನಿವಾರ ಡೆಲ್‌ಮಾಂಟ್‌ನಲ್ಲಿ ಹೈಸ್ಕೂಲ್ ಫುಟ್‌ಬಾಲ್ ಸೆಮಿಫೈನಲ್. ನಾಲ್ಕೇ ನಾಲ್ಕು ಅಂಕದಲ್ಲಿ ಹೋಯಿತು. ಸಮುದ್ರದ ನಡುವೆ ಎಣ್ಣೆ ಕೊರೆಯುವ ಆ ಕಬ್ಬಿಣದ ಅಟ್ಟದ ಮೇಲೆ ನಿನಗೆ ಫೋನೂ ಇಲ್ಲ, ಪೇಪರೂ ಇಲ್ಲ, ವಾರಕ್ಕೊಮ್ಮೆ ಬರುವ ದೋಣಿಯೇ ಗತಿ ಎಂದು ಬರೆದಿದ್ದೆಯಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬೇರೆ ಯಾರಾದರೂ ಬರೆದರೆ ಅವರವರ ಮೂಗಿನ ನೇರಕ್ಕೆ ಬರೆಯುತ್ತಾರೆ.

ಆಟ ಮುಗಿಯಲು ಅರ್ಧ ನಿಮಿಷವೂ ಇರಲಿಲ್ಲ. ಗೆಲ್ಲುವ ಗೆರೆ ಕಣ್ಣೆದುರಿಗೇ ಇತ್ತು. ಎಸೆಯಬೇಕಾದ ಕ್ವಾರ್ಟರ್‌ಬ್ಯಾಕ್ ನಮ್ಮ ರಿಕ್, ಚೆಂಡು ಅವನ ಕೈಯಲ್ಲಿ. ಹಿಡಿಯಬೇಕಾದವನು ನಿನ್ನ ಮಗ ಗ್ರೆಗ್. ಅವನು ನೆಟ್ಟಗೆ ಓಡಿದ, ಎಷ್ಟು ಚಂದ ಓಡಿದ ಎಂದರೆ ನನಗೆ ಐವತ್ತೇಳನೇ ಇಸವಿಯ ನೀನೇ ನೆನಪಾದೆ. ರಿಕ್ "ನದಿ!" ಎಂದು ಕೂಗಿ ಎಸೆದ. ಗ್ರೆಗ್ ಗುಡ್ಡದ ಕಡೆಗೆ ತಿರುಗಿದ. ಚೆಂಡು ಹೋಗಿ ಬಿದ್ದ ಕಡೆ ನಮ್ಮವನು ಒಬ್ಬನೂ ಇರಲಿಲ್ಲ. ಅವರ ಹುಡುಗನೊಬ್ಬ ಅದನ್ನು ತೊಟ್ಟಿಲಿನಿಂದ ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡ. ಅಷ್ಟೇ.

ಈಗ ನನ್ನ ಕ್ಷೌರದ ಅಂಗಡಿಯಲ್ಲಿ ಕತ್ತರಿಯ ಸದ್ದೇ ಕೇಳಿಸುತ್ತಿಲ್ಲ. ನನ್ನ ಎರಡು ಕುರ್ಚಿಗಳೂ ಎರಡು ಪಕ್ಷವಾಗಿವೆ. ತಪ್ಪು ಗ್ರೆಗ್‌ದು ಎನ್ನುವವರು ನದಿ ಕಡೆಯ ಕುರ್ಚಿಯಲ್ಲಿ ಕೂರುತ್ತಾರೆ, ರಿಕ್‌ದು ಎನ್ನುವವರು ಗುಡ್ಡದ ಕಡೆಯದರಲ್ಲಿ. ಇವತ್ತು ಬೆಳಿಗ್ಗೆ ಮುದುಕ ಬೋಡ್ನಾರ್ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡೇ ಎದ್ದು ನಿಂತುಬಿಟ್ಟ.

"ನದಿ ಅಂದ್ರೆ ನದಿ ಕಣಯ್ಯಾ! ಈ ಊರಲ್ಲಿ ಎಡ ಬಲ ಅಂತ ಯಾವನಾದ್ರೂ ಅಂತಾನಾ? ನದಿ, ಇಲ್ಲಾ ಗುಡ್ಡ. ನಮ್ಮನೆ ನಾಯಿಗೂ ಗೊತ್ತು."

"ನಿಮ್ಮನೆ ನಾಯಿ ಚೆಂಡು ಹಿಡಿಯುತ್ತಾ?" ಎಂದ ಅಂಚೆಯ ಲೂಥರ್, ಚೀಲ ಹೆಗಲಲ್ಲೇ ಇಟ್ಟುಕೊಂಡು. "ಎಸೆಯೋನು ನೋಡಿ ಎಸೀಬೇಕಪ್ಪಾ. ಆ ಹುಡುಗ ಅಲ್ಲಿಲ್ಲ ಅಂತ ಕಾಣಿಸ್ಲಿಲ್ವಾ ಅವನಿಗೆ?"

"ಮೂರು ಜನ ಮೈಮೇಲೆ ಬೀಳ್ತಿದ್ರು, ನೋಡ್ತಾ ಕೂರ್ತಾನಾ?"

"ಹಂಗಾದ್ರೆ ಎಸೆಯದೆ ಕೂರಬೇಕಿತ್ತು!"

"ನೀನು ಕೂರು ಮೊದ್ಲು, ಕಾಗದ ಹಂಚೋದು ಬಿಟ್ಟು ಇಲ್ಲೇ ಬಿದ್ದಿರ್ತೀಯ!"

ನಮ್ಮ ಮೈದಾನದಲ್ಲಾದರೆ ಈ ಜಗಳವೇ ಇರುತ್ತಿರಲಿಲ್ಲ. ನಾವು ಗುಡ್ಡದ ಬುಡದಲ್ಲಿ ಕೂರುತ್ತೇವೆ, ಎದುರಾಳಿಗಳು ನದಿಗೆ ಬೆನ್ನು ಹಾಕಿ ಕೂರುತ್ತಾರೆ. ಮೂರು ವರ್ಷದ ಕೂಸಿಗೂ ಗೊತ್ತಾಗುತ್ತದೆ. ಗ್ರೆಗ್‌ಗೆ ಅವತ್ತು ಏನಾಯಿತೋ.

ರಿಕ್ ನನ್ನ ತಂಗಿಯ ಮಗ, ಆದ್ದರಿಂದ ನಾನು ಬಾಯಿ ಬಿಡುವ ಹಾಗಿಲ್ಲ. ಸ್ವಲ್ಪ ಬಿಟ್ಟಿದ್ದೇನೆ. ನೀನು ಅದೇ ಜಾಗದಲ್ಲಿ ಆಡಿದವನು, ನಿನ್ನ ಮಾತಿಗೆ ಇಲ್ಲಿ ಬೆಲೆ ಇದೆ. ಏನನ್ನಿಸುತ್ತದೆ, ಒಂದು ಸಾಲು ಬರೆ.

ಗ್ರೆಗ್ ಚೆನ್ನಾಗಿದ್ದಾನೆ. ಅವರಮ್ಮ ಐರೀನ್ ಕೂಡ. ಚಿಂತೆ ಮಾಡಬೇಡ.

ಡಾಮ್


ಲೂಸಿಯಾನಾ ಕರಾವಳಿಯಾಚೆ
3 ಡಿಸೆಂಬರ್ 1980

ಡಾಮ್,

ಇವತ್ತು ದೋಣಿ ಬಂತು. ನಿನ್ನ ಕಾಗದ ಬಿಟ್ಟರೆ ನನಗೆ ಬೇರೇನೂ ಇರಲಿಲ್ಲ. ಎರಡು ಸಲ ಓದಿದೆ.

ಕೇಳಿದೆ, ಹೇಳುತ್ತೇನೆ. ರಿಕ್ "ನದಿ" ಎಂದು ಕೂಗಿದ್ದು ನಿಜವಾದರೆ ತಪ್ಪು ಗ್ರೆಗ್‌ದು. ಎಸೆಯುವವನಿಗೆ ಮುಖದ ಮುಂದೆ ಜನವೋ ಜನ. ಅವನು ಜಾಗ ನೋಡಿ ಎಸೆಯುತ್ತಾನೆ, ಮನುಷ್ಯನನ್ನು ನೋಡಿ ಅಲ್ಲ. ಆ ಜಾಗಕ್ಕೆ ಹೋಗಿ ಮುಟ್ಟುವುದು ಹಿಡಿಯುವವನ ಕೆಲಸ. ಇದನ್ನು ನಾನೇ ಅವನಿಗೆ ಕಲಿಸಿದ್ದು, ನಮ್ಮ ಹಿತ್ತಲಿನಲ್ಲಿ, ಅವನು ಇನ್ನೂ ಷೂ ದಾರ ಕಟ್ಟಲು ಕಲಿತಿರಲಿಲ್ಲ ಆಗ.

ನನ್ನ ಮಗ ಎಂದು ನಾನು ಬೇರೆ ಮಾತಾಡುವವನಲ್ಲ. ಕೇಳಿದವರಿಗೆ ಹೇಳು, ಅವನ ಅಪ್ಪನೇ ಹೀಗೆ ಹೇಳಿದ ಎಂದು. ತಪ್ಪು ಯಾರದೆಂದು ಗೊತ್ತಾಗದಿದ್ದರೆ ನಮ್ಮೂರಿನವರು ವರ್ಷಗಟ್ಟಲೆ ಅದನ್ನೇ ಜಗಿಯುತ್ತಾರೆ. ಗೊತ್ತಾದರೆ ಒಂದು ವಾರ ಬೈದು ಬಿಟ್ಟುಬಿಡುತ್ತಾರೆ. ಅವನಿಗೂ ಅದೇ ಒಳ್ಳೆಯದು.

ಇಲ್ಲಿ ಎಲ್ಲ ಸರಿಯಾಗಿದೆ. ಕೊರೆಯುವ ಕೆಲಸ ಕಷ್ಟ, ಆದರೆ ಕಾರ್ಖಾನೆ ಮುಚ್ಚುವವರೆಗೆ ಉಕ್ಕಿನ ಭಟ್ಟಿಯ ಮುಂದೆ ನಿಂತವನಿಗೆ ಏನು ಮಹಾ. ಊಟ ಧಾರಾಳ. ಕಾಲೇಜಿನವರು ಗ್ರೆಗ್‌ನ ಆಟ ನೋಡಲು ಎರಡು ಸಲ ಬಂದಿದ್ದರು, ಸೀಟು ಕೊಡುವ ಹಾಗೆ ಕಾಣುತ್ತದೆ ಎಂದು ಐರೀನ್ ಹಿಂದೆ ಬರೆದಿದ್ದಳು. ಅದೊಂದು ಕೈಗೂಡಿದರೆ ಅವನು ಯಾವ ಭಟ್ಟಿಗೂ ಹೋಗಬೇಕಾಗಿಲ್ಲ, ಇಂಥ ಕಡೆಗೂ ಬರಬೇಕಾಗಿಲ್ಲ. ನಾನು ಇಲ್ಲಿ ಕೂತಿರುವುದೇ ಆ ಒಂದು ಮಾತಿಗಾಗಿ.

ಅವನು ನನಗೆ ಬರೆದಿಲ್ಲ. ಸೋತ ಸಿಟ್ಟಿರಬೇಕು. ಬರೆಯಲು ಹೇಳು.

ಎಮಿಲ್


ಕಾರ್ವರ್ಸ್ ಬೆಂಡ್
11 ಡಿಸೆಂಬರ್ 1980

ಎಮಿಲ್,

ನೀನು ಗಂಡಸು ಕಣೋ! ಇಡೀ ಊರಿನ ಬಾಯಿ ಒಂದೇ ಕಾಗದದಲ್ಲಿ ಮುಚ್ಚಿಸಿಬಿಟ್ಟೆ.

ಲೂಥರ್ ಅದನ್ನು ತಂದು ಕೊಟ್ಟಾಗ ಅಂಗಡಿ ತುಂಬಿತ್ತು. ಅವನು ಲಕೋಟೆಯನ್ನು ದೀಪಕ್ಕೆ ಹಿಡಿದು ನೋಡಿಯೇ ಬಂದಿದ್ದ ಎಂದು ನನಗೆ ಅನುಮಾನ. "ಓದಪ್ಪಾ, ಓದು!" ಎಂದು ಎಲ್ಲರೂ ಗಂಟುಬಿದ್ದರು. ಕುರ್ಚಿಯ ಹಿಂದೆ ನಿಂತು ಗಟ್ಟಿಯಾಗಿ ಓದಿದೆ. "ನನ್ನ ಮಗ ಎಂದು ನಾನು ಬೇರೆ ಮಾತಾಡುವವನಲ್ಲ" ಎಂಬಲ್ಲಿಗೆ ಬಂದಾಗ ಬೋಡ್ನಾರ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ, ಇಗರ್ಜಿಯಲ್ಲಿ ಹಿಡಿಯುವ ಹಾಗೆ.

"ಹೆತ್ತಪ್ಪನೇ ಅಂದ್ಮೇಲೆ ಮುಗೀತಲ್ಲಪ್ಪ," ಎಂದ ಲೂಥರ್, ತುಂಬ ಬೇಜಾರಿನಿಂದ. ಆಮೇಲೆ ಅವನೂ ನದಿ ಕಡೆಯ ಕುರ್ಚಿಗೆ ಬಂದು ಕೂತ. ಕಾಗದವನ್ನು ದೊಡ್ಡ ಕನ್ನಡಿಯ ಅಂಚಿಗೆ ಸಿಕ್ಕಿಸಿದ್ದೇನೆ. ಬಂದವರೆಲ್ಲ ಓದಿ ಹೋಗುತ್ತಾರೆ. ನನ್ನ ತಂಗಿ ಮೂರು ವಾರದ ಮೇಲೆ ನೆಮ್ಮದಿಯಾಗಿ ಉಸಿರು ಬಿಟ್ಟಿದ್ದಾಳೆ. ರಿಕ್ ಮಾತ್ರ ಓದಿ ಮುಖ ಇಳಿಸಿಕೊಂಡು ಎದ್ದು ಹೋದ. ಖುಷಿಯಾಗಬೇಕಿತ್ತು, ಈ ವಯಸ್ಸಿನ ಹುಡುಗರ ತಲೆಯಲ್ಲಿ ಏನಿರುತ್ತದೋ ಯಾರಿಗೆ ಗೊತ್ತು.

ನಿನ್ನೆ ಗ್ರೆಗ್ ಬಂದಿದ್ದ. ಬಾಗಿಲಲ್ಲೇ ನಿಂತು ಕನ್ನಡಿ ನೋಡಿದ. ಹತ್ತಿರ ಬಂದು ಓದಿದ.

"ಇದು ಅಪ್ಪನ ಅಕ್ಷರಾನಾ, ಡಾಮ್ ಮಾಮ?"

"ಹೌದು ಕಣೋ. ನಿಮ್ಮಪ್ಪ ನೇರ ಮನುಷ್ಯ. ಬೇಜಾರು ಮಾಡ್ಕೋಬೇಡ. ಇನ್ನು ಯಾರೂ ನಿನ್ನ ಸುದ್ದಿಗೆ ಬರಲ್ಲ ನೋಡು."

"ಸರಿ," ಎಂದ. ಇನ್ನೊಂದು ಸಲ ಓದಿದ. ಆಮೇಲೆ ಕುರ್ಚಿಯಲ್ಲಿ ಕೂತು, "ಎಲ್ಲಾ ತೆಗೀರಿ," ಎಂದ.

"ಎಷ್ಟು?"

"ಎಲ್ಲಾ."

ಭುಜದವರೆಗೆ ಬಿಟ್ಟಿದ್ದ ಕೂದಲನ್ನು ಬುಡಕ್ಕೆ ಹತ್ತಿಸಿ ತೆಗೆಸಿದ. ಇದೇನು ಹೊಸ ಸ್ಟೈಲೋ! ಕಿವಿ ಎರಡೂ ನಿನ್ನವೇ, ಈಗ ಎದ್ದು ಕಾಣುತ್ತವೆ. ಬರೆಯಲು ಹೇಳಿದೆ. ಬರೆಯುತ್ತೇನೆ ಎಂದ.

ಡಾಮ್


ಲೂಸಿಯಾನಾ ಕರಾವಳಿಯಾಚೆ
19 ಡಿಸೆಂಬರ್ 1980

ಡಾಮ್,

ಕನ್ನಡಿಗೆ ಸಿಕ್ಕಿಸಿದೆಯಾ? ಅದನ್ನು ಕಿತ್ತು ಹಾಕು. ಈ ಕಾಗದ ಓದಿ ಮುಗಿಸುವ ಮುಂಚೆ ಎದ್ದು ಹೋಗಿ ಕಿತ್ತು ಹಾಕು.

ಹೇಳು ಎಂದು ನಾನೇ ಬರೆದಿದ್ದೆ, ಗೊತ್ತು. ಹೇಳು ಎಂದಿದ್ದೆ. ಗೋಡೆಗೆ ಅಂಟಿಸು ಎಂದಿರಲಿಲ್ಲ. ನನ್ನ ಮಗ ನನ್ನ ಮಾತನ್ನು ಕನ್ನಡಿಯ ಮೇಲೆ ಓದಬೇಕಾಗಿ ಬಂತು. ನನಗೆ ಎಷ್ಟು ಸಿಟ್ಟು ಬಂದಿದೆ ಎಂದರೆ ನಿನ್ನನ್ನು ಬೈಯಲೂ ಆಗುತ್ತಿಲ್ಲ, ಬೈದರೆ ಅರ್ಧ ನನಗೇ ತಾಗುತ್ತದೆ.

ಇನ್ನೊಂದು ವಿಷಯ. ನಾನಿಲ್ಲಿ ಕೊರೆಯುವ ಕೆಲಸದಲ್ಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತೇನೆ. ನಲವತ್ತು ದಾಟಿದವನಿಗೆ ಇಲ್ಲಿ ಅದೇ ಸಿಗುವುದು. ಐರೀನ್‌ಗೂ ಹೇಳಿಲ್ಲ. ನಿನಗೆ ಈಗ ಹೇಳುವುದಕ್ಕೆ ಕಾರಣವಿದೆ. ನಿನ್ನೆ ಅಡುಗೆಯವನು ತಟ್ಟೆಗಳ ರಾಶಿ ತೋರಿಸಿ, "ಅವನ್ನ ಆ ಕಡೆ ಇಡಪ್ಪ" ಎಂದ. ನಾನು ಬಾಯಿತಪ್ಪಿ, "ನದಿ ಕಡೆಗಾ?" ಎಂದು ಕೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಸುತ್ತಾ ಸಮುದ್ರ ಕಣೋ ಮುದುಕಾ, ಯಾವ ನದಿ?"

ತಟ್ಟೆ ಕೈಯಲ್ಲೇ ಉಳಿಯಿತು. ಡೆಲ್‌ಮಾಂಟ್ ಚಪ್ಪಟೆ ಊರು, ಡಾಮ್. ಕಣ್ಣು ಹಾಯುವಷ್ಟು ದೂರವೂ ಜೋಳದ ಹೊಲ. ನದಿಯೂ ಇಲ್ಲ, ಗುಡ್ಡವೂ ಇಲ್ಲ. ಅಲ್ಲಿ ನದಿ ಯಾವ ಕಡೆ ಎಂದು ಹುಡುಗರಿಗೆ ಯಾರು ಹೇಳಿದರು?

ನಿನಗೆ ಗೊತ್ತಿರಲಿಕ್ಕಿಲ್ಲ, ನೀನು ಯಾವಾಗಲೂ ಮೇಲಿನ ಸಾಲಿನಲ್ಲಿ ಕೂತು ಕಡಲೆಕಾಯಿ ತಿನ್ನುವವನು. ಬೇರೆ ಊರಿನಲ್ಲಿ ಆಟವಿದ್ದಾಗ ನಾನು ನಮ್ಮ ಜನ ಕೂತ ಕಡೆ, ಗೆರೆಯ ಪಕ್ಕದಲ್ಲಿ, ಜಿಂಕೆ ಬೇಟೆಗೆ ಹಾಕುವ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ನಿಂತಿರುತ್ತಿದ್ದೆ. ನಾನು ನಿಂತ ಕಡೆ ನದಿ. ಅದನ್ನು ಯಾರೂ ನನಗೆ ಕೆಲಸವೆಂದು ಒಪ್ಪಿಸಿದ್ದಲ್ಲ, ಹುಡುಗರೇ ರೂಢಿ ಮಾಡಿಕೊಂಡರು. ಈಗಿನ ಕೋಚ್ ಹೊರಗಿನವನು, ಅವನಿಗೆ ಗೊತ್ತೂ ಇಲ್ಲ. ನಾನು ಅಕ್ಟೋಬರಿನಲ್ಲಿ ಹೊರಟುಬಂದ ಮೇಲಿನ ಆಟವೆಲ್ಲ ನಮ್ಮೂರಲ್ಲೇ ಇತ್ತು. ಡೆಲ್‌ಮಾಂಟ್‌ನದೇ ಮೊದಲು.

ಅವತ್ತು ಅಲ್ಲಿ ಯಾರು ನಿಂತಿದ್ದರು? ರಿಕ್‌ನನ್ನು ಕೇಳು. ಕೇಳಿ ನನಗೊಬ್ಬನಿಗೇ ಬರೆ.

ಎಮಿಲ್


ಕಾರ್ವರ್ಸ್ ಬೆಂಡ್
29 ಡಿಸೆಂಬರ್ 1980

ಎಮಿಲ್,

ಕಿತ್ತೆ. ಮೊದಲು ಅದನ್ನೇ ಮಾಡಿದೆ. ಪಾತ್ರೆಯ ವಿಷಯ ನನ್ನ ಹೊಟ್ಟೆಯಲ್ಲೇ ಇರುತ್ತದೆ.

ಕ್ರಿಸ್‌ಮಸ್ ಹಿಂದಿನ ದಿನ ತಂಗಿಯ ಮನೆಯಲ್ಲಿ ಊಟ. ಮೇಜಿನ ತುಂಬ ಮೀನು, ಎಲ್ಲರೂ ತಿನ್ನುತ್ತಿದ್ದಾರೆ, ರಿಕ್ ಮಾತ್ರ ಫೋರ್ಕಿನಿಂದ ಚುಚ್ಚುತ್ತ ಕೂತಿದ್ದ. ಹೊರಗೆ ಜಗಲಿಗೆ ಕರೆದುಕೊಂಡು ಹೋಗಿ ಕೇಳಿದೆ, "ಡೆಲ್‌ಮಾಂಟ್‌ನಲ್ಲಿ ನದಿ ಯಾವ ಕಡೆ ಇತ್ತೋ?" ಎಂದು.

ಹುಡುಗ ಗೋಡೆಗೆ ಒರಗಿ ಅತ್ತುಬಿಟ್ಟ.

"ಯಾರೂ ನಿಂತಿರ್ಲಿಲ್ಲ ಮಾಮ. ಆಟ ಶುರುವಾದಾಗ ನಾನು ಹುಡುಕ್ದೆ, ಎಮಿಲ್ ಮಾಮ ಇಲ್ಲ ಅಂತ ಆಮೇಲೆ ನೆನಪಾಯ್ತು. ಇಡೀ ಆಟ ಆ ಕರೆ ಕೂಗೋ ಪ್ರಸಂಗಾನೇ ಬರ್ಲಿಲ್ಲ. ಕೊನೇಲಿ ಬಾಯಿಗೆ ಬಂತು, ಕೂಗ್ಬಿಟ್ಟೆ. ನಮ್ಮೂರಲ್ಲಿ ಎದುರಾಳಿ ಕೂತ ಕಡೆ ತಾನೇ ನದಿ, ಅಲ್ಲಿಗೆ ಎಸೆದೆ."

"ಗ್ರೆಗ್?"

"ಅವನು ಅವರಪ್ಪ ನಿಲ್ಲೋ ಕಡೆಗೆ ತಿರುಗ್ದ."

ಎಮಿಲ್, ನಾವು ನೋಡಿದ್ದೇ ತಪ್ಪು. ಅವನು ಗುಡ್ಡಕ್ಕೆ ತಿರುಗಿದ್ದಲ್ಲ. ನಾವು ಕೂತಿದ್ದ ಕಡೆಗೆ, ನೀನು ನಿಲ್ಲುತ್ತಿದ್ದ ಜಾಗಕ್ಕೆ ತಿರುಗಿದ. ನಾವು ಮೇಲೆ ಕೂತು ನಮ್ಮ ಕಡೆ ಗುಡ್ಡ ಎಂದುಕೊಂಡೆವು.

"ಮತ್ತೆ ಇಷ್ಟು ದಿನ ಯಾಕೋ ಬಾಯಿ ಮುಚ್ಕೊಂಡಿದ್ದೆ?" ಎಂದು ಗದರಿದೆ.

"ಗ್ರೆಗ್ ಆಣೆ ಹಾಕಿಸ್ಕೊಂಡಿದ್ದಾನೆ. ವಾಪಸ್ ಬರುವಾಗ ಬಸ್ಸಲ್ಲೇ. 'ಇದನ್ನ ಹೇಳಿದ್ರೆ ಎಮಿಲ್ ಊರು ಬಿಟ್ಟು ಹೋಗಿದ್ದಕ್ಕೇ ಸೋತ್ವಿ ಅಂತಾರೆ. ನನ್ನನ್ನ ಬೈಕೊಳ್ಲಿ ಬಿಡು, ಅಪ್ಪನ ಸುದ್ದಿಗೆ ಬರೋದು ಬೇಡ' ಅಂದ."

ನೀನು ಹೋದಾಗ ಜನ ಏನೆಂದರು ಎಂಬುದು ನಿನಗೂ ಗೊತ್ತು. ಕಾರ್ಖಾನೆ ಮುಚ್ಚಿದ ಮೇಲೆ ಊರು ಬಿಟ್ಟವರನ್ನೆಲ್ಲ ಇಲ್ಲಿ ಓಡಿಹೋದವರು ಎಂದೇ ಕರೆಯುವುದು. ಅದನ್ನು ಅವನು ಕೇಳಿಸಿಕೊಂಡಿರಬೇಕು.

ಇನ್ನೊಂದನ್ನೂ ಈಗ ಬರೆಯಬೇಕು. ಮೊದಲ ಕಾಗದದಲ್ಲಿ ಅವರಿಬ್ಬರೂ ಚೆನ್ನಾಗಿದ್ದಾರೆ ಎಂದಿದ್ದೆ. ಚೆನ್ನಾಗಿರಲಿಲ್ಲ. ಆ ಭಾನುವಾರವೇ ನಿಮ್ಮ ಬಾಗಿಲಿಗೆ ಯಾರೋ ಕೊಳೆತ ಮೀನು ಕಟ್ಟಿ ಹೋಗಿದ್ದರು. ಗ್ಯಾರೇಜಿನ ಮೇಲೆ ದೊಡ್ಡದಾಗಿ "ನದಿ" ಎಂದು ಬರೆದು ಬಾಣ ಹಾಕಿದ್ದರು. ಐರೀನ್ ಮೂರು ಸಲ ಬಳಿದಳು, ಮೂರು ಸಲವೂ ಮತ್ತೆ ಬರೆದರು. ಅಷ್ಟು ದೂರದಲ್ಲಿರುವವನಿಗೆ ಹೇಳಿ ಏನು ಫಲ ಎಂದು ಸುಮ್ಮನಿದ್ದೆ.

ಆದರೆ ಈಗ ಎಲ್ಲ ಸರಿಹೋಗುತ್ತದೆ. ನೀನು ಯಾರಿಗೂ ಹೇಳಬೇಡ ಎಂದಿದ್ದೆ, ಹುಡುಗನೂ ಹಾಗೇ ಆಣೆ ಹಾಕಿಸಿದ್ದ. ಆದರೆ ಹೇಳದೆ ಇರುವುದು ಹೇಗೆ? ಶನಿವಾರ ಅಂಗಡಿ ತುಂಬಿದ್ದಾಗ ಎಲ್ಲವನ್ನೂ ಬಿಡಿಸಿ ಹೇಳಿದೆ. ಬೋಡ್ನಾರ್ ನದಿ ಕಡೆಯ ಕುರ್ಚಿಯಿಂದ ಎದ್ದು ಗೋಡೆಯ ಪಕ್ಕ ಹೋಗಿ ನಿಂತ. "ಪಾಪ ಹುಡುಗ," ಎಂದ. ಆ ಬಾಯಲ್ಲಿ ಆ ಮಾತು ಬರುವುದೆಂದರೇನು! ಎಲ್ಲರೂ ಒಟ್ಟಿಗೆ ಹೋಗಿ ಗ್ರೆಗ್‌ನ ಹತ್ತಿರ ಕ್ಷಮೆ ಕೇಳೋಣ ಎಂದಿದ್ದಾರೆ. ನಾನು ಮುಂಚೆಯೇ ಹೋದೆ, ಅವನು ಮನೆಯಲ್ಲಿರಲಿಲ್ಲ. ಐರೀನ್ ಬಾಗಿಲು ಪೂರ್ತಿ ತೆರೆಯದೆ ಮಾತಾಡಿಸಿ ಕಳಿಸಿದಳು.

ಡಾಮ್


ಲೂಸಿಯಾನಾ ಕರಾವಳಿಯಾಚೆ
7 ಜನವರಿ 1981

ಡಾಮ್,

ಯಾರಿಗೂ ಹೇಳಬೇಡ. ಆಗಲೇ ಹೇಳಿಬಿಟ್ಟಿದ್ದೀಯ ಎಂದು ಓದಿದೆ, ಆದರೂ ಬರೆಯುತ್ತಿದ್ದೇನೆ, ಬೇರೆ ಏನು ಬರೆಯಬೇಕೆಂದು ತಿಳಿಯುತ್ತಿಲ್ಲ.

ಮೇಲಿನವನ ಹತ್ತಿರ ರಜೆ ಕೇಳಿದೆ. ಮಾರ್ಚ್‌ವರೆಗೆ ಇಲ್ಲ ಎಂದ. ರೇಡಿಯೊದಲ್ಲಿ ಒಂದು ಮಾತು ಮನೆಗೆ ಮುಟ್ಟಿಸಿ ಎಂದರೆ, "ಯಾರಾದ್ರೂ ಸತ್ತಿದ್ದಾರಾ?" ಎಂದು ಕೇಳಿದ. ಇಲ್ಲ ಎಂದೆ. "ಮತ್ತೆ?" ಎಂದ. ನಮ್ಮ ಹುಡುಗ ಚೆಂಡು ಹಿಡಿಯಲಿಲ್ಲ ಎಂದು ಅವನಿಗೆ ಹೇಗೆ ಹೇಳುವುದು?

ತಲೆ ಯಾಕೆ ಬೋಳಿಸಿಕೊಂಡ? ನೀನು ಬರೆದಾಗ ನಾನೂ ಸ್ಟೈಲ್ ಎಂದೇ ಓದಿಕೊಂಡೆ. ಈಗ ಹಾಗನ್ನಿಸುತ್ತಿಲ್ಲ. ಐರೀನ್ ಕಾಗದದಲ್ಲಿ ಹಿಮ ಎಷ್ಟು ಬಿತ್ತು ಎಂಬುದನ್ನು ಬಿಟ್ಟು ಏನೂ ಬರೆಯುತ್ತಿಲ್ಲ. ಹೋಗಿ ನೋಡು. ಬಾಗಿಲು ಪೂರ್ತಿ ತೆರೆಸಿ ನೋಡು. ಅವನು ಎಲ್ಲಿಗೆ ಹೊರಟಿದ್ದರೂ ಮಾರ್ಚ್‌ವರೆಗೆ ತಡೆದು ನಿಲ್ಲಿಸು. ಕೈ ಮುಗಿಯುತ್ತೇನೆ.

ಎಮಿಲ್


ಕಾರ್ವರ್ಸ್ ಬೆಂಡ್
9 ಜನವರಿ 1981

ಎಮಿಲ್,

ಗ್ರೆಗ್ ನಿನ್ನೆ ಹೊರಟುಹೋದ. ನೌಕಾಪಡೆಗೆ. ನಾಲ್ಕು ವರ್ಷಕ್ಕೆ ಸಹಿ ಹಾಕಿದ್ದಾನೆ. ಉಳಿದ ಪರೀಕ್ಷೆಯನ್ನು ಅಲ್ಲೇ ಬರೆಯುತ್ತಾನಂತೆ. ಕಾಲೇಜಿನವರು ಸೀಟು ಕೊಡುತ್ತೇವೆ ಎಂದು ಡಿಸೆಂಬರ್ ಮೊದಲ ವಾರದಲ್ಲೇ ಬರೆದಿದ್ದರಂತೆ, ಬೇಡ ಎಂದು ಇವನೇ ಹೇಳಿ ಕಳಿಸಿದ. ನನ್ನ ಅಂಗಡಿಯಿಂದ ತಲೆ ಬೋಳಿಸಿಕೊಂಡು ನೇರ ಸಹಿ ಹಾಕಲು ಹೋಗಿದ್ದ. ಹೊರಡುವ ದಿನದವರೆಗೂ ನಿನಗೆ ತಿಳಿಸಕೂಡದು ಎಂದು ಐರೀನ್‌ಳನ್ನು ಬೇಡಿಕೊಂಡನಂತೆ. ತಿಳಿಸಿದರೆ ಇರುವ ಕೆಲಸ ಬಿಟ್ಟು ಓಡಿ ಬರುತ್ತೀಯ ಎಂದು.

ಬಸ್‌ಸ್ಟ್ಯಾಂಡಿಗೆ ನಾವೆಲ್ಲ ಹೋಗಿದ್ದೆವು. ಬೋಡ್ನಾರ್, ಲೂಥರ್, ಅರ್ಧ ಊರು. ಹಿಮ ಬೀಳುತ್ತಿತ್ತು. ಗ್ರೆಗ್ ಎಲ್ಲರಿಗೂ ಕೈ ಕೊಟ್ಟ. ಬೋಡ್ನಾರ್ ಅವನ ಕೈಯನ್ನು ಬಿಡಲೇ ಇಲ್ಲ.

"ನಿನ್ನದೇನೂ ತಪ್ಪಿಲ್ಲಪ್ಪಾ," ಎಂದ. "ನಮಗೀಗ ಗೊತ್ತಾಯ್ತು. ನಿಮ್ಮಪ್ಪ ಹೋಗದೆ ಇದ್ದಿದ್ರೆ ನಾವು ಗೆದ್ದೇ ಗೆಲ್ತಿದ್ವಿ."

ಮುದುಕ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಗ್ರೆಗ್ ಕೈ ಕಿತ್ತುಕೊಂಡ. ಅವನ ಮುಖ ಹಾಗಾದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ, ಮೀನು ಕಟ್ಟಿದಾಗಲೂ ಇಲ್ಲ, ಕನ್ನಡಿಯ ಮುಂದೆಯೂ ಇಲ್ಲ. ರಿಕ್‌ನ ಕಡೆ ತಿರುಗಿ ನೋಡಿದ. ರಿಕ್ ತಲೆ ತಗ್ಗಿಸಿದ. ಆಮೇಲೆ ನನ್ನ ಹತ್ತಿರ ಬಂದ.

"ಯಾಕೆ ಹೇಳಿದ್ರಿ, ಡಾಮ್ ಮಾಮ? ನಾನು ನಿಮ್ಮನ್ನ ಕೇಳಿದ್ನಾ?"

ಅಷ್ಟು ಕೇಳಿ ಚೀಲ ಎತ್ತಿಕೊಂಡು ಬಸ್ಸು ಹತ್ತಿದ. ಕಿಟಕಿಯ ಹತ್ತಿರ ಕೂತರೂ ನಮ್ಮ ಕಡೆ ನೋಡಲಿಲ್ಲ. ಅವರಮ್ಮ ಬಸ್ಸಿನ ಜೊತೆ ಸ್ವಲ್ಪ ದೂರ ನಡೆದು ನಿಂತಳು.

ಈಗ ಅಂಗಡಿಯಲ್ಲಿ ಎರಡೂ ಕುರ್ಚಿಗಳು ಖಾಲಿ. ಎಲ್ಲರೂ ಬಾಗಿಲ ಹತ್ತಿರದ ಬೆಂಚಿನ ಮೇಲೆ ಒತ್ತಿಕೊಂಡು ಕೂರುತ್ತಾರೆ. ಅದು ಯಾರ ಪಕ್ಷ ಎಂದು ನಾನು ಬರೆಯಬೇಕಾಗಿಲ್ಲ. "ಎಮಿಲ್ ಇದ್ದಿದ್ರೆ" ಎಂದು ಶುರು ಮಾಡುತ್ತಾರೆ. ಬೆಂಚನ್ನು ಎತ್ತಿ ಹಿಂದುಗಡೆ ಹಾಕಿದೆ. ನಿಂತುಕೊಂಡೇ ಮಾತಾಡುತ್ತಾರೆ. ಅವರ ಬಾಯಿ ಹೇಗೆ ಮುಚ್ಚಿಸಲಿ ಹೇಳು. ನಾನೇ ತೆರೆಸಿದ್ದು.

ಡಾಮ್


ಲೂಸಿಯಾನಾ ಕರಾವಳಿಯಾಚೆ
22 ಜನವರಿ 1981

ಡಾಮ್,

ಬೆಂಚನ್ನು ಮೊದಲಿನ ಜಾಗಕ್ಕೇ ತಂದು ಹಾಕು. ಕೂತುಕೊಳ್ಳಲಿ. ನನ್ನನ್ನು ಬೈದರೆ ನನಗೆ ಇಲ್ಲಿಗೆ ಕೇಳಿಸುವುದಿಲ್ಲ. ನಾನು ಪಾತ್ರೆ ತೊಳೆಯುತ್ತಿದ್ದೇನೆ ಎಂದೂ ಹೇಳು, ಇನ್ನಷ್ಟು ಹೊತ್ತು ಮಾತಾಡಲು ಆಗುತ್ತದೆ. ನಿನ್ನ ಮೇಲೆ ಸಿಟ್ಟಿಲ್ಲ. ಇರಬೇಕು ಎಂದು ನೋಡಿದೆ, ಬರುತ್ತಿಲ್ಲ.

ಇವತ್ತಿನ ದೋಣಿಯಲ್ಲಿ ಗ್ರೆಗ್‌ನ ಕಾಗದ ಬಂತು. ಮೊದಲನೆಯದು. ಹಾಗೇ ಇಳಿಸುತ್ತೇನೆ.

"ಅಪ್ಪ, ಊರಲ್ಲಿ ನಿನ್ನ ಬಗ್ಗೆ ಏನೇನೋ ಹೇಳ್ತಿದ್ದಾರೆ. ನಂಬಬೇಡ. ರಿಕ್ 'ನದಿ' ಅಂದಿದ್ದು ನನಗೆ ಸರಿಯಾಗಿ ಕೇಳಿಸಿತ್ತು. ನದಿ ಯಾವ ಕಡೆ ಅಂತಲೂ ಗೊತ್ತಿತ್ತು, ಆಟಕ್ಕೆ ಮುಂಚೆ ನಾವಿಬ್ಬರೂ ಮಾತಾಡಿಕೊಂಡಿದ್ವಿ. ರಿಕ್ ಒಳ್ಳೆಯವನು, ನನ್ನನ್ನು ಉಳಿಸೋಕೆ ಆ ಕಥೆ ಕಟ್ಟಿದ್ದಾನೆ. ಆ ಕಡೆ ಅವರ ಜನ ಜಾಸ್ತಿ ಇದ್ದಾರೆ ಅನ್ನಿಸ್ತು, ಅದಕ್ಕೆ ನಾನೇ ಬೇಕಂತಲೇ ಈ ಕಡೆ ತಿರುಗಿದೆ. ನೀನು ಡಾಮ್ ಮಾಮನಿಗೆ ಬರೆದಿದ್ದೇ ಸರಿ. ಕೊರೆಯೋ ಕೆಲಸದಲ್ಲಿ ಕೈ ಜೋಪಾನ. ಇಲ್ಲಿ ಊಟ ಪರವಾಗಿಲ್ಲ. ಗ್ರೆಗ್."

ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಡಾಮ್. ಚಿಕ್ಕವನಿದ್ದಾಗ ಬೇಸಿಗೆ ಶಿಬಿರದಿಂದ "ಬಂದೆ, ಮಳೆ" ಎಂದು ಎರಡು ಪದ ಬರೆದು ಕಳಿಸಿದ ಹುಡುಗ ಇವನು. ಇಷ್ಟು ಉದ್ದ ಬರೆದಿದ್ದಾನೆ ಎಂದರೆ ಎಷ್ಟು ಸಲ ಹೊಡೆದು ತಿದ್ದಿರಬೇಕು.

ಉತ್ತರ ಬರೆಯಲು ಕೂತೆ. ನನಗೆ ಎಲ್ಲ ಗೊತ್ತು ಮಗನೇ, ನೀನು ನನ್ನನ್ನು ಹುಡುಕಿಕೊಂಡು ತಿರುಗಿದೆ ಎಂದು ಬರೆದೆ. ಓದಿ ನೋಡಿದೆ. ಇಷ್ಟೆಲ್ಲ ನುಂಗಿಕೊಂಡು ಅವನು ಕಾಪಾಡಿದ್ದು ನನಗೆ ತಿಳಿಯಬಾರದೆಂಬ ಅದೊಂದನ್ನೇ, ಅದನ್ನೂ ಕೈಯಿಂದ ಕಿತ್ತುಕೊಂಡ ಹಾಗೆ ಕಾಣಿಸಿತು. ಹರಿದೆ. ಸರಿ ಮಗನೇ, ನೀನು ಹೇಳಿದ್ದನ್ನು ನಂಬಿದೆ ಎಂದು ಬರೆದೆ. ಕನ್ನಡಿಗೆ ಸಿಕ್ಕಿಸಿದ್ದ ಕಾಗದವನ್ನೇ ಮತ್ತೊಮ್ಮೆ ಬರೆದ ಹಾಗಾಯಿತು. ಅದನ್ನೂ ಹರಿದೆ. ಕ್ಷಮಿಸು ಎಂದು ಬರೆದರೆ ಯಾತಕ್ಕೆ ಎಂದು ಕೇಳುತ್ತಾನೆ, ಆಗ ಮತ್ತೆ ಮೊದಲಿನದಕ್ಕೇ ಬರುತ್ತದೆ.

ಅಷ್ಟರಲ್ಲಿ ದೋಣಿಯವನು ಹೊರಡುತ್ತೇನೆ ಎಂದು ಕೂಗಿದ. ಹೊಟ್ಟೆ ತುಂಬ ಊಟ ಮಾಡು, ಕಾಲು ಬೆಚ್ಚಗಿಟ್ಟುಕೋ ಎಂದು ಬರೆದು ಕೊಟ್ಟೆ.

ಎಮಿಲ್